ಕಾಕಾನ ಕೈಯಿಂದ ಬಟನ್ ಕಸಿದುಕೊಂಡದ್ದು

ಸೇಡು ತೀರಿಸಿಕೊಳ್ಳುವ ವಿಷಯದಲ್ಲಿ ನನ್ನಷ್ಟು ದಡ್ಡ ಇನ್ನೊಬ್ಬ ನಾಸಿಕದಲ್ಲಿ ಬೆಳೆದಿರಲಿಕ್ಕಿಲ್ಲ. ಬುದ್ಧಿ ಇದ್ದವರು ಎದುರಾಳಿಯ ಮುಂದೆ ನಿಂತು ನಾಲ್ಕು ಮಾತು ಬೈದು, ಮನೆಗೆ ಬಂದು ಚಹಾ ಕುಡಿಯುತ್ತಾರೆ. ನಾನು ಮೊದಲು ಅವನ ಸ್ಕೂಟರಿನ ಗಾಳಿ ಬಿಟ್ಟೆ. ಆ ಸ್ಕೂಟರು ಅವನದಲ್ಲ, ನಮ್ಮಪ್ಪನ ಬ್ಯಾಂಕಿನ ಮ್ಯಾನೇಜರರದು ಎಂದು ಆಮೇಲೆ ತಿಳಿಯಿತು. ಮ್ಯಾನೇಜರರು ಅದನ್ನು ತಳ್ಳಿಕೊಂಡು ಹೊರಟಾಗ ಹಿಂದಿನಿಂದ ಕೈಹಚ್ಚಿ ಪಂಕ್ಚರ್ ಅಂಗಡಿಯವರೆಗೆ ನೂಕಿದವನೂ ನಾನೇ. ‘ಭಾಳ ಸಂಭಾವಿತ ಹುಡುಗ’ ಎಂದು ಅವರು ಮರುದಿನ ಅಪ್ಪನಿಗೆ ಹೇಳಿದರಂತೆ. ಇದಾದ ಮೇಲೆ, ನನಗೆ ಬರುವ ಒಂದೇ ವಿದ್ಯೆಯಿಂದ ಸೇಡು ತೀರಿಸಿಕೊಳ್ಳಬೇಕೆಂದು ನಿಶ್ಚಯಿಸಿದೆ.

ನನಗೆ ಬರುವ ವಿದ್ಯೆಯೆಂದರೆ ಬಟನ್ನು. ಸಂಭಾಜಿನಗರದ ಒಂದು ಸಣ್ಣ ಕಂಪನಿಯಲ್ಲಿ, ಆಗಿನ್ನೂ ಆ ಊರಿನ ಸ್ಟೇಷನ್ ಬೋರ್ಡಿನ ಮೇಲೆ ಹಳೆಯ ಹೆಸರೇ ಇತ್ತು, ಜನ ಫೋನನ್ನು ಹೇಗೆ ಒತ್ತುತ್ತಾರೆ, ಎಲ್ಲಿ ಗಾಬರಿ ಬೀಳುತ್ತಾರೆ, ಯಾವ ಬಟನ್ನು ಎಲ್ಲಿದ್ದರೆ ತಪ್ಪು ಮಾಡುವುದಿಲ್ಲ ಎಂದು ಯೋಚಿಸಿ ಆ್ಯಪುಗಳ ನಕಾಶೆ ತೆಗೆಯುವುದು ನನ್ನ ಕೆಲಸ. ಇದನ್ನು ಅವ್ವ ಸಂಬಂಧಿಕರಿಗೆ ಹೇಳುವ ರೀತಿಯೇ ಬೇರೆ. “ಕಂಪ್ಯೂಟರ್‌ನ್ಯಾಗ ಬಣ್ಣಾ ಹಚ್ಚತಾನ್ರಿ. ಪಗಾರಾ ಕೊಡತಾರ, ಯಾಕ ಕೊಡತಾರೋ ನಮಗೂ ತಿಳಿದುಲ್ಲ.” ವಾರವಿಡೀ ಸಂಭಾಜಿನಗರದಲ್ಲಿ ಬಣ್ಣ ಹಚ್ಚಿ ಶನಿವಾರ ರೈಲು ಹತ್ತಿ ನಾಸಿಕದ ಮನೆಗೆ ಬರುತ್ತಿದ್ದೆ, ಒಗೆಯುವ ಬಟ್ಟೆಯ ಗಂಟಿನೊಂದಿಗೆ.

ಅಪ್ಪ ವಿಜಯಪುರದ ಕಡೆಯಿಂದ ಬ್ಯಾಂಕಿನ ವರ್ಗಾವಣೆಯಲ್ಲಿ ನಾಸಿಕಕ್ಕೆ ಬಂದವನು. ನಮ್ಮಂಥವರದ್ದೊಂದು ಕನ್ನಡ ಬಳಗವಿತ್ತು. ಬ್ಯಾಂಕಿನವರು, ಕೇಂದ್ರ ಸರ್ಕಾರದ ಕಚೇರಿಗಳವರು, ಮತ್ತು ಘೋಟಿ, ಇಗತಪುರಿ ಕಡೆಯ ಕಟ್ಟಡದ ಸೈಟುಗಳಲ್ಲಿ ದುಡಿಯುವ ನಮ್ಮ ಕಡೆಯ ಕುಟುಂಬಗಳು. ಈ ಮೂರನೆಯವರನ್ನು ಬಳಗದವರು ‘ಸೈಟಿನವರು’ ಎನ್ನುತ್ತಿದ್ದರು. ಬಳಗದ ಕಾರ್ಯದರ್ಶಿ ಒಬ್ಬ ರಿಟೈರಾದ ಹೆಡ್‌ಕ್ಲರ್ಕ್. ಎಲ್ಲರೂ ಅವನನ್ನು ಕಾಕಾ ಎನ್ನುತ್ತಿದ್ದೆವು. ನಾಡಹಬ್ಬಕ್ಕೆ ಮೈಕು ಯಾರು ಹಿಡಿಯಬೇಕು, ಗ್ರೂಪ್ ಫೋಟೋದಲ್ಲಿ ನಡುವೆ ಯಾರು ನಿಲ್ಲಬೇಕು ಎಂಬುದೆಲ್ಲ ಅವನ ತೀರ್ಮಾನ. ಬಳಗದ ಫೋನ್ ಗ್ರೂಪಿಗೂ, ಇಂಟರ್ನೆಟ್ಟಿನಲ್ಲಿದ್ದ ಬಳಗದ ಪುಟಕ್ಕೂ ಅವನೊಬ್ಬನೇ ಮಾಲೀಕ. ಪಾಸ್‌ವರ್ಡ್ ಅವನ ತಲೆಯಲ್ಲಿತ್ತು. ಆ ತಲೆಯ ಮೇಲೆ ಸದಾ ಒಂದು ಕಂದು ಬಣ್ಣದ ಉಲ್ಲನ್ ಟೋಪಿ ಇತ್ತು, ಮೇ ತಿಂಗಳಲ್ಲೂ.

ಆ ವರ್ಷ ರಾಜ್ಯೋತ್ಸವದ ಊಟದಲ್ಲಿ ಅದು ನಡೆಯಿತು. ನೆಲದ ಮೇಲೆ ಉದ್ದಕ್ಕೆ ಪಂಕ್ತಿ ಹಾಕಿದ್ದರು. ಘೋಟಿಯ ಸೈಟಿನಿಂದ ಒಬ್ಬ ಹೆಣ್ಣುಮಗಳು ಗಂಡ ಮಕ್ಕಳೊಂದಿಗೆ ಬಂದಿದ್ದಳು. ಅವ್ವನಿಗೆ ಆಕೆ ಬಹಳ ಬೇಕಾದವಳು. ‘ತಂಗಿ’ ಎಂದೇ ಕರೆಯುತ್ತಿದ್ದಳು. ಆಕೆ ತಂದಿದ್ದ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಡಬ್ಬಿಯನ್ನು ಕಾಕಾ ಕೈಚಾಚಿ ಇಸಿದುಕೊಂಡ. ಆಮೇಲೆ ಕೂರಲು ಹೋದವಳಿಗೆ, “ಏ ಬಾಯಿ, ನೀವು ಸೈಟಿನವ್ರು ಎರಡನೇ ಪಂಕ್ತಿಗೆ ಕೂಡ್ರಿ. ಮೊದಲನೇದು ಮೆಂಬರ್ಸ್‌ದು ಅದ” ಎಂದ. ಆಕೆಯೂ ಮೆಂಬರೇ. ಆಕೆ ಗೋಡೆಗೆ ಒರಗಿ ನಿಂತಳು. ಆಕೆಯ ಹಿಂಡಿಯನ್ನು ಮೊದಲನೇ ಪಂಕ್ತಿಯವರು ಎರಡೆರಡು ಸಲ ಹಾಕಿಸಿಕೊಂಡು ಮುಗಿಸಿದರು. ನಾನೂ ಹಾಕಿಸಿಕೊಂಡೆ, ಸುಳ್ಳು ಏಕೆ ಹೇಳಲಿ.

ಮನೆಗೆ ಬಂದು ಅವ್ವ ಗ್ರೂಪಿನಲ್ಲಿ ಒಂದೇ ಸಾಲು ಬರೆದಳು: ‘ಎಲ್ಲಾರೂ ಒಂದ ಪಂಕ್ತಿಯೊಳಗ ಕೂತ್ರ ಅನ್ನ ಏನ್ ಕಡಿಮಿ ಬೀಳತಿತ್ರಿ?’ ಕಾಕಾ ಒಂದು ಬಟನ್ ಒತ್ತಿದ. ಅವ್ವ ಗ್ರೂಪಿನಿಂದ ಹೊರಗೆ. ಇನ್ನೊಂದು ಬಟನ್ ಒತ್ತಿದ. ಬಳಗದ ಪುಟದಿಂದಲೂ ಹೊರಗೆ.

ಅವ್ವನನ್ನು ತೆಗೆದದ್ದಕ್ಕೆ ನನಗೆ ಸಿಟ್ಟು ಬಂತು. ಆದರೆ ಹೊಟ್ಟೆಯೊಳಗೆ ಕೊಳ್ಳಿ ಇಟ್ಟದ್ದು ಬೇರೆ. ಕೆಲ ವರ್ಷದ ಹಿಂದೆ ಅವ್ವನ ಅವ್ವ, ನನ್ನ ಅಜ್ಜಿ, ನಾಸಿಕಕ್ಕೆ ಬಂದು ಒಂದು ಚಳಿಗಾಲ ನಮ್ಮಲ್ಲಿದ್ದಳು. ಅಡುಗೆಮನೆಯಲ್ಲಿ ಕೂತು ಬೀಸುವ ಪದ ಹಾಡುತ್ತಿದ್ದಳು. ಬೀಸುವುದಕ್ಕೆ ನಮ್ಮ ಫ್ಲ್ಯಾಟಿನಲ್ಲಿ ಕಲ್ಲು ಇರಲಿಲ್ಲ, ಮಿಕ್ಸರ್ ಇತ್ತು; ಅದು ತಿರುಗುವಾಗ ಆಕೆ ತಡೆದು, ಅದು ನಿಂತ ಮೇಲೆ ಮುಂದಿನ ಸಾಲು ಹಾಡುತ್ತಿದ್ದಳು. ಅವ್ವ ಅದನ್ನೆಲ್ಲ ಫೋನಿನಲ್ಲಿ ಹಿಡಿದು ಬಳಗದ ಪುಟಕ್ಕೆ ಏರಿಸಿದ್ದಳು. ಅಜ್ಜಿ ತೀರಿಕೊಂಡಳು. ಆ ಫೋನನ್ನು ನಾವು ಹೊಸದಕ್ಕೆ ಬದಲಿ ಕೊಟ್ಟೆವು, ‘ಹಾಡು ಹ್ಯಾಂಗೂ ಪುಟದಾಗ ಅದಾವಲ್ಲ’ ಎಂದುಕೊಂಡು. ಕಾಕಾ ಅವ್ವನನ್ನು ತೆಗೆದಾಗ ಅವ್ವ ಏರಿಸಿದ್ದೆಲ್ಲವೂ ಆಕೆಯ ಸಂಗಡ ಅಳಿಸಿಹೋಯಿತು. ಅಜ್ಜಿಯ ದನಿ, ಮಿಕ್ಸರಿನ ದನಿ ಸಮೇತ.

ನಾನು ಕಾಕಾನ ಮನೆಗೆ ಹೋದೆ. ಅವನು ಟೋಪಿ ಸರಿಮಾಡಿಕೊಂಡು ಹೇಳಿದ: “ಹಾಡು ನಾ ಯಾಕ ತೆಗೀಲಿ? ನಾ ಬರೇ ನಿಮ್ಮವ್ವನ್ನ ತೆಗ್ದೆ. ಹಾಡು ಆಪೋಆಪ್ ಹೋದ್ರ ನಾ ಏನ್ ಮಾಡ್ಲಿ?”

“ತೆಗೆಯೂ ಮುಂದ ಏನರೆ ಕೇಳಲಿಲ್ಲೇನ್ರಿ ಅದು?”

“‘ಖಾತ್ರಿ ಇದೆಯೇ’ ಅಂತ ಕೇಳ್ತು. ನನಗ ಖಾತ್ರಿ ಇತ್ತು.”

ಆ ಮಾತು ಇವತ್ತಿಗೂ ಕಿವಿಯಲ್ಲಿದೆ. ಸ್ಕೂಟರಿನ ಗಾಳಿ ಬಿಟ್ಟದ್ದು ಅಲ್ಲಿಂದ ಹೊರಬರುವಾಗಲೇ. ಮ್ಯಾನೇಜರರು ಅದೇ ಬಿಲ್ಡಿಂಗಿನಲ್ಲಿ ಇರುತ್ತಾರೆಂದು ನನಗೆ ಯಾರು ಹೇಳಬೇಕಿತ್ತು.

ಅವ್ವ ಅಳಲಿಲ್ಲ. ರೊಟ್ಟಿ ಬಡಿಯುತ್ತ ಒಂದು ಪದ ಗುನುಗುತ್ತಿದ್ದವಳು ಮೂರನೇ ಸಾಲಿಗೆ ಬಂದು ನಿಂತುಬಿಡುತ್ತಿದ್ದಳು. ಮತ್ತೆ ಮೊದಲಿನಿಂದ ಶುರು, ಮತ್ತೆ ಅಲ್ಲಿಗೇ ಬಂದು ನಿಲ್ಲುವುದು. “ಮೂರನೇದು ಏನಿತ್ತೋ,” ಎನ್ನುತ್ತಿದ್ದಳು, ನನಗಲ್ಲ, ಹಿಟ್ಟಿಗೆ. ಆ ಮೂರನೇ ಸಾಲನ್ನು ಕಾಕಾನ ಹೊಟ್ಟೆ ಸೀಳಿಯಾದರೂ ತೆಗೆಯಬೇಕು ಎನಿಸುತ್ತಿತ್ತು. ಆದರೆ ಕಾಕಾನ ಹೊಟ್ಟೆಯಲ್ಲಿ ಆ ದಿನಗಳಲ್ಲಿ ಇದ್ದದ್ದು ಶೇಂಗಾ ಹಿಂಡಿ ಮಾತ್ರ.

ನಮ್ಮ ಆಫೀಸಿನಲ್ಲಿ ಆಗ ಒಂದು ಹೊಸ ಗಾಳಿ ಬೀಸುತ್ತಿತ್ತು: ಮಾಲೀಕನಿಲ್ಲದ ಜಾಲ. ಸಾಮಾನ್ಯವಾಗಿ ನಾವು ಹಾಕುವ ಫೋಟೋ, ಹಾಡು, ಮಾತೆಲ್ಲ ಯಾವುದೋ ಒಂದು ಕಂಪನಿಯ ಕಪಾಟಿನಲ್ಲಿ ಕೂತಿರುತ್ತದೆ. ಕೀಲಿ ಅವರ ಕೈಯಲ್ಲಿ, ಇಲ್ಲವೇ ಅವರು ನೇಮಿಸಿದ ಕಾಕಾನ ಕೈಯಲ್ಲಿ. ಮಾಲೀಕನಿಲ್ಲದ ಜಾಲದಲ್ಲಿ ಕಪಾಟೇ ಇಲ್ಲ. ಒಬ್ಬರು ಹಾಕಿದ್ದು ಬಳಗದ ಎಲ್ಲರ ಫೋನಿನಲ್ಲೂ ಒಂದೊಂದು ನಕಲಾಗಿ ಉಳಿಯುತ್ತದೆ. ಯಾರನ್ನೂ ಯಾರೂ ಹೊರಗೆ ಹಾಕುವಂತಿಲ್ಲ. ಬೇಡವಾದವರನ್ನು ನಿಮ್ಮ ಫೋನಿನಲ್ಲಿ ನೀವು ಮರೆಮಾಡಿಕೊಳ್ಳಬಹುದು, ಅಷ್ಟೇ. ಇದನ್ನು ಓದಿದ ಕ್ಷಣ ಜಗತ್ತಿನ ಜನ ಸ್ವಾತಂತ್ರ್ಯದ ಬಗ್ಗೆ ಯೋಚಿಸಿದರಂತೆ. ನಾನು ಬಟನ್ ಇಲ್ಲದ ಕಾಕಾನ ಬಗ್ಗೆ ಯೋಚಿಸಿದೆ. ಹೆಬ್ಬೆರಳು ಎತ್ತಿ ಹಿಡಿದುಕೊಂಡು, ಎಲ್ಲಿ ಒತ್ತಬೇಕೆಂದು ತಿಳಿಯದೆ ಕೂತ ಕಾಕಾ. ಆ ಚಿತ್ರ ಕಣ್ಣ ಮುಂದೆ ಬಂದಾಗ ಮೆಸ್ಸಿನ ಬೇಳೆಯೂ ರುಚಿ ಹತ್ತಿತು.

ಕೋಡು ಬರೆಯಲು ಒಬ್ಬ ಗೆಳೆಯನನ್ನು ದೌಲತಾಬಾದ್ ಕೋಟೆ ತೋರಿಸುತ್ತೇನೆಂದು ಪುಸಲಾಯಿಸಿ ಕರೆದೊಯ್ದು, ಕೆಳಗಿನ ಢಾಬಾದಲ್ಲೇ ಕೂಡಿಸಿ ಒಪ್ಪಿಸಿದೆ. ಅವನು ಕೋಟೆ ಇನ್ನೂ ನೋಡಿಲ್ಲ. ಆ್ಯಪಿನ ಹೆಸರು ‘ಪಂಕ್ತಿ’ ಎಂದಿಟ್ಟೆ. ಪ್ರಯೋಗಕ್ಕೆಂದು ಮೊದಲ ಸದಸ್ಯನಾಗಿ ನಾನೇ ಸೇರಿದೆ. ಹೆಸರು ಕೇಳಿದಾಗ ‘ಟೆಸ್ಟ್ ಕತ್ತೆ’ ಎಂದು ಹಾಕಿದೆ. ಮೊದಲ ಸಂದೇಶವಾಗಿ, ಸಿಟ್ಟಿನ ಭರದಲ್ಲಿ, ‘ಕಾಕಾನ್ನ ಎರಡನೇ ಪಂಕ್ತಿಗೆ ಕೂಡಿಸೋತನಕಾ ನಾ ಬಿಡಾಂಗಿಲ್ಲ’ ಎಂದು ಬರೆದೆ. ಆಮೇಲೆ ಅಳಿಸಿದರಾಯಿತು ಎಂದುಕೊಂಡೆ. ಒಮ್ಮೆ ಬರೆದದ್ದನ್ನು ಯಾರೂ ಅಳಿಸಲಾಗದಂತೆ ಜಾಲವನ್ನು ಕಟ್ಟು ಎಂದು ಗೆಳೆಯನಿಗೆ ಹೇಳಿದವನು ನಾನೇ ಎಂಬುದು ಆ ಹೊತ್ತಿನಲ್ಲಿ ನೆನಪಿಗೆ ಬರಲಿಲ್ಲ. ಅಳಿಸಲಾಗದ ಕಡೆ, ಬರೆಯುವ ಮೊದಲೇ ಎಚ್ಚರಿಸಬೇಕು. ಈ ಸೂತ್ರವನ್ನು ಬೇರೆಯವರು ಪುಸ್ತಕ ಓದಿ ಕಲಿಯುತ್ತಾರೆ. ನಾನು ಕತ್ತೆಯಾಗಿ ಕಲಿತೆ.

ಮೊದಲ ಪರೀಕ್ಷೆ ಅವ್ವನ ಮೇಲೆ. ಫೋನು ತೆರೆದ ಕೂಡಲೇ ‘ನಿಮ್ಮ ಖಾಸಗಿ ಕೀಲಿ ಸೃಷ್ಟಿಯಾಗುತ್ತಿದೆ. ನೋಡ್ ಹುಡುಕಲಾಗುತ್ತಿದೆ’ ಎಂದು ಬಂತು. ನಾನು ಹೆಮ್ಮೆಯಿಂದ ನೋಡುತ್ತಿದ್ದೆ. ಅವ್ವ ಎದ್ದು ಹೋಗಿ ಬಾಗಿಲ ಹಿಂದಿನ ಮೊಳೆ ಮುಟ್ಟಿ ನೋಡಿಬಂದಳು.

“ಕೀಲಿ ಇಲ್ಲೇ ಐತಲ್ಲೋ.”

“ಆ ಕೀಲಿ ಅಲ್ಲ ಅವ್ವಾ. ಇದು ಫೋನಿನ ಒಳಗಿಂದು.”

“ಒಳಗಿಂದು ಇದ್ರ ಒಳಗ ಇರ್ಲಿ. ನನಗ ಯಾಕ ತೋರಸ್ತದ ಅದು? ಗ್ಯಾಸ್ ಹಚ್ಚಿದ್ರ ಉರಿ ಬಂದ್ರ ಸಾಕು. ಪೈಪಿನ ಒಳಗ ಏನ್ ನಡದೈತಿ ಅಂತ ಯಾರರೆ ಹೇಳತಾರೇನು?”

ನನ್ನ ಆಫೀಸಿನ ಗೋಡೆಯ ಮೇಲೆ ಇದೇ ಮಾತನ್ನು ಇಂಗ್ಲಿಷಿನಲ್ಲಿ ಚೌಕಟ್ಟು ಹಾಕಿ ತೂಗುಹಾಕಿದ್ದರು. ದಿನಾ ಅದರ ಕೆಳಗೆ ಕೂತು ಟಿಫಿನ್ ತಿನ್ನುತ್ತಿದ್ದೆ. ನೋಡ್, ಕೀಲಿ, ಸಿಂಕು ಎಲ್ಲವನ್ನೂ ತೆಗೆದುಹಾಕಿದೆ.

ಆದರೆ ಒಂದನ್ನು ಮಾತ್ರ ತೆಗೆಯಲು ಬರಲಿಲ್ಲ. ಮಾಲೀಕನಿಲ್ಲದ ಜಾಲದಲ್ಲಿ ‘ಪಾಸ್‌ವರ್ಡ್ ಮರೆತಿರಾ?’ ಎಂದು ಕೇಳುವವರು ಯಾರೂ ಇಲ್ಲ. ಫೋನು ಕಳೆದರೆ ಮರಳಿ ಒಳಗೆ ಬರಲು ಹನ್ನೆರಡು ಪದಗಳ ಒಂದು ಗುಟ್ಟು ಕೊಡುತ್ತಾರೆ. ಅದನ್ನು ಯಾರಿಗೂ ಹೇಳದೆ ಕಾಪಾಡಿಕೊಳ್ಳಬೇಕು. ಇಂಗ್ಲಿಷಿನ ಪದಗಳಿದ್ದವು. ನಮ್ಮ ಹೆಂಗಸರಿಗೆ ನೆನಪಿರಲಿ ಎಂದು ಕನ್ನಡದಲ್ಲಿ ಕೊಟ್ಟೆ. ಅವ್ವನ ಪಾಲಿಗೆ ಬಂದದ್ದು ಬುಟ್ಟಿ, ಹುಣಸಿ, ಕೊಡಲಿ, ಮಂಚ, ಜೀರಿಗಿ, ನೆರಳು, ಒಂಟಿ, ಬಾಗಿಲು, ಉಪ್ಪು, ಗಾಳಿ, ಕನ್ನಡಿ, ಬಸ್ಸು. “ಬರೆದಿಡಬ್ಯಾಡ, ಬಾಯಿಪಾಠ ಮಾಡು,” ಎಂದೆ. ಅವ್ವ ಬಾಯಿಪಾಠ ಮಾಡುವ ವಿಧಾನ ಒಂದೇ, ರಾಗ ಹಾಕುವುದು. ಮುಂದಿನ ಶನಿವಾರ ನಾನು ಮನೆಗೆ ಬಂದಾಗ ಭಜನಾ ಮಂಡಳಿಯ ಹೆಂಗಸರೆಲ್ಲ ನಮ್ಮ ಹಾಲ್‌ನಲ್ಲಿ ತಾಳ ಹಿಡಿದು ಕೂತಿದ್ದರು. ಒಬ್ಬಳು ‘ಬುಟ್ಟೀ ಹುಣಸೀ ಕೊಡಲೀ ಮಂಚಾ’ ಎಂದು ಎತ್ತಿದಳು. ಉಳಿದವರು ‘ಜೀರಿಗೀ ನೆರಳೇ’ ಎಂದು ಹಿಡಿದರು.

“ಛಲೋ ಐತಿ ವೈನಿ,” ಬಳಗದ ಮಂದಿಗೆಲ್ಲ ವೈನಿ, ಅಂದರೆ ಅತ್ತಿಗೆ, ಆಗಿದ್ದ ಅವ್ವನನ್ನು ಒಬ್ಬಾಕೆ ಕೇಳುತ್ತಿದ್ದಳು, “ಒಂಟಿ ಆದಮ್ಯಾಲ ಬಾಗಿಲು ಯಾಕ ಬರತೈತ್ರಿ? ಅರ್ಥ ಏನ್ರಿ ಇದರದು?”

“ವೈರಾಗ್ಯದ್ದು,” ಎಂದಳು ಅವ್ವ.

ನಮ್ಮ ಮನೆಯ ಅತ್ಯಂತ ದೊಡ್ಡ ಗುಟ್ಟು ಹೀಗೆ ನಾಸಿಕದ ಅರ್ಧ ಕನ್ನಡಿಗರ ನಾಲಿಗೆಯ ಮೇಲೆ ಕುಣಿಯಿತು. ಮೇಲಿನ ಮಹಡಿಯ ಮರಾಠಿ ಆಜಿಯೂ ಕಲಿತಳು.

ದಾರಿ ತೋರಿಸಿದವನು ಅಪ್ಪ, ಪೇಪರಿನಿಂದ ತಲೆ ಎತ್ತದೆ. “ನಮ್ಮ ಬ್ಯಾಂಕಿನ ಸ್ಟ್ರಾಂಗ್‌ರೂಮಿಗೆ ಎರಡು ಕೀಲಿ ಇರತಾವ. ಒಂದು ಮ್ಯಾನೇಜರ್ ಕಡೆ, ಒಂದು ಹೆಡ್ ಕ್ಯಾಶಿಯರ್ ಕಡೆ. ಒಬ್ಬಾಂವ ಬಂದ್ರ ತೆರಿಯೂದುಲ್ಲ. ಮಂದೀನ ನಂಬು, ಆದ್ರ ಒಬ್ಬನ್ನೇ ನಂಬಬ್ಯಾಡ. ನೀ ಯಾಕ ಹನ್ನೆರಡು ಶಬ್ದ ಹಿಡಕೊಂಡು ನಿಮ್ಮವ್ವಗ ಭಜನಿ ಕಲಸಾಕತ್ತಿ?”

ಹಾಗೆ ಎರಡನೇ ಆವೃತ್ತಿ ಆಯಿತು. ಪ್ರತಿಯೊಬ್ಬರೂ ತಮಗೆ ಬೇಕಾದ ಮೂವರನ್ನು ಆರಿಸಿಕೊಳ್ಳಬೇಕು. ಫೋನು ಕಳೆದರೆ ಆ ಮೂವರಲ್ಲಿ ಇಬ್ಬರು ‘ಹೌದು, ಇವರೇ’ ಎಂದರೆ ಬಾಗಿಲು ತೆರೆಯುತ್ತದೆ. ಆ ಮೂವರೂ ಇಲ್ಲದಿದ್ದರೆ ಹೊಸಬರಂತೆ ಮತ್ತೆ ಸೇರಬೇಕು. ಅದಕ್ಕೆ ಇಬ್ಬರು ಸದಸ್ಯರು, ಒಬ್ಬೊಬ್ಬರಾಗಿಯಾದರೂ ಸರಿ, ಹೊಸಬರ ಎದುರು ಕೂತು ತಮ್ಮ ಫೋನನ್ನು ಹೊಸಬರ ಫೋನಿಗೆ ತೋರಿಸಿ ಒಪ್ಪಬೇಕು. ದೂರದಿಂದ ಆಗುವುದಿಲ್ಲ. ಮುಖ ನೋಡಿಯೇ ಸೇರಿಸಿಕೊಳ್ಳಬೇಕು.

ಅವ್ವ ಫೋನು ಹಚ್ಚಿ ಒಬ್ಬೊಬ್ಬರನ್ನೇ ಕರೆದಳು. ಎರಡನೇ ಪಂಕ್ತಿಯ ವಿಷಯ ಹಲವರ ಮನಸ್ಸಿನಲ್ಲಿ ಕುದಿಯುತ್ತಿತ್ತು, ಬಂದರು. ನಾನೂ ಅವ್ವನೂ ಘೋಟಿಗೆ ಹೋಗಿ ಸೈಟಿನವರನ್ನೂ ಸೇರಿಸಿದೆವು. ಅಲ್ಲಿ ಗುಡ್ಡದ ಮಗ್ಗುಲಿಗೆ ನೆಟ್‌ವರ್ಕ್ ಬರುವುದು ಹೋಗುವುದು ದೇವರಿಗೇ ಗೊತ್ತು. ನನ್ನ ಆ್ಯಪು ‘ಸಂದೇಶ ವಿಫಲ’ ಎಂದು ಕೆಂಪಗೆ ತೋರಿಸಿತು. ಅವ್ವನ ತಂಗಿ ಗಾಬರಿಯಾಗಿ ಫೋನನ್ನು ನನ್ನ ಕೈಗೆ ಕೊಟ್ಟುಬಿಟ್ಟಳು. “ತಮ್ಮಾ, ನಾ ಏನೂ ಮಾಡಿಲ್ಲಪಾ. ಅದ ಕೆಂಪಾತು.” ಆ ವಾರ ಅದನ್ನು ಬದಲಿಸಿದೆ: ‘ನಿಮ್ಮ ಹತ್ತಿರ ಭದ್ರವಾಗಿದೆ. ದಾರಿ ಸಿಕ್ಕಾಗ ಹೋಗುತ್ತದೆ.’ ತಪ್ಪು ಗಾಳಿಯದಾಗಿದ್ದಾಗ ಬಳಸುವವರನ್ನು ಬೈಯಬಾರದು.

ಇಷ್ಟೆಲ್ಲ ಕಲಿತವನು ಆಮೇಲೆ ಒಂದು ಭಾರಿ ಮೂರ್ಖತನ ಮಾಡಿದೆ. ಮೂವರನ್ನು ಆರಿಸುವ ಪರದೆಯಲ್ಲಿ ಹೆಸರುಗಳನ್ನು ಹೇಗೆ ಜೋಡಿಸಬೇಕು? ನಮ್ಮ ಜನ ಮರ್ಯಾದೆಯವರು, ಹಿರಿಯರು ಮೇಲಿರಲಿ ಎಂದು ವಯಸ್ಸಿನ ಪ್ರಕಾರ ಜೋಡಿಸಿದೆ. ಕೆಲಸ ಸುಲಭವಾಗಲಿ ಎಂದು ಮೇಲಿನ ಮೂರಕ್ಕೆ ನಾನೇ ಟಿಕ್ ಹಾಕಿಟ್ಟೆ. ಬಳಗದ ಅತಿ ಹಿರಿಯ ಯಾರು?

ಕಾಕಾ ಆ ಹೊತ್ತಿಗೆ ಸೇರಿಬಿಟ್ಟಿದ್ದ. ತನ್ನ ಗ್ರೂಪು ಖಾಲಿಯಾಗುತ್ತಿದ್ದುದನ್ನು ನೋಡಿ, ಯಾರೋ ಇಬ್ಬರನ್ನು ಎದುರಿಗೆ ಕೂಡಿಸಿಕೊಂಡು ನುಸುಳಿದ್ದ. ತಿಂಗಳಾಗುವಷ್ಟರಲ್ಲಿ ಬಳಗದ ಹೆಚ್ಚುಕಡಿಮೆ ಎಲ್ಲರ ಕೀಲಿಯೂ ಅವನ ಕೈಯಲ್ಲಿತ್ತು. ಒಬ್ಬರೂ ಆ ಟಿಕ್ ತೆಗೆದಿರಲಿಲ್ಲ.

“ತೆಗೀಬೇಕಿಲ್ಲೇನು?” ಎಂದು ಅವ್ವನ ಗೆಳತಿಯೊಬ್ಬಳನ್ನು ಕೇಳಿದೆ.

“ಹಿರಿಯರ ಹೆಸರು ಹೆಂಗಪಾ ತೆಗಿಯೂದು? ನಾಳೆ ಎದುರಿಗೆ ಸಿಕ್ರ ಮಾರಿ ಹೆಂಗ ತೋರಸ್ಲಿ?”

“ನೀವು ತೆಗೆದದ್ದು ಅವರಿಗೆ ತಿಳಿಯೂದುಲ್ರಿ ಮಾವಶಿ.”

“ನನಗ ತಿಳೀತದಲ್ಲ.”

ಕಾಕಾ ಗೋದಾವರಿ ದಂಡೆಯಲ್ಲಿ ವಾಕಿಂಗ್ ಹೋಗುತ್ತ ಸಿಕ್ಕಸಿಕ್ಕವರಿಗೆ ಹೇಳುತ್ತಿದ್ದ: “ಬಳಗದ ಸಗಳೇ ಕೀಲಿ ನನ್ನ ಕಡೆ ಅವ. ಹುಡುಗ ಛಲೋ ಮಾಡ್ಯಾನ.” ಅವನನ್ನು ಕಪಾಟಿನಿಂದ ಇಳಿಸಲು ಹೊರಟ ನಾನು, ಅವನಿಗೇ ಹೊಸ ಕಪಾಟು ಮಾಡಿಸಿ, ಪಾಲಿಶ್ ಹೊಡೆದು, ಮನೆ ಬಾಗಿಲಿಗೆ ಮುಟ್ಟಿಸಿದ್ದೆ. ಆ ವಾರ ಸಂಭಾಜಿನಗರದಲ್ಲಿ ನನ್ನ ಹೊಟ್ಟೆಗೆ ಏನೂ ಸೇರಲಿಲ್ಲ. ಮೆಸ್ಸಿನವನು ‘ಕಾಯ್ ಝಾಲಂ, ಪ್ರೇಮಭಂಗ?’ ಎಂದು ಕೇಳಿದ. ಹೌದೆಂದೆ. ನಿಜ ಹೇಳುವುದಕ್ಕಿಂತ ಅದೇ ಮರ್ಯಾದೆ.

ಟಿಕ್ಕುಗಳನ್ನು ತೆಗೆದೆ. ಒಬ್ಬರ ಕೈಯಲ್ಲಿ ನಾಲ್ಕಾರು ಜನರ ಕೀಲಿಗಿಂತ ಹೆಚ್ಚು ಇರದಂತೆ ನಿಯಮ ಹಾಕಿದೆ. ಅದು ಎಲ್ಲರ ಫೋನಿಗೆ ತಲುಪುವ ಮೊದಲೇ ಕಾಕಾ ರಾಮಕುಂಡದಲ್ಲಿ ಯಾರದೋ ಶ್ರಾದ್ಧಕ್ಕೆ ಹೋದ. ಬಗ್ಗಿ ನೀರು ಮುಟ್ಟುವಾಗ ಅವನ ಅಂಗಿಯ ಜೇಬಿನಿಂದ ಫೋನು ಗೋದಾವರಿಗೆ ಅರ್ಪಣೆಯಾಯಿತು.

ಅವನಿಗೆ ಚಿಂತೆಯಿರಲಿಲ್ಲ. ಹೊಸ ಫೋನು ಕೊಂಡ, ‘ಪಂಕ್ತಿ’ ತೆರೆದ. ‘ನಿಮ್ಮ ಮೂವರಲ್ಲಿ ಇಬ್ಬರು ಒಪ್ಪಬೇಕು’ ಎಂದಿತು ಅದು. ಆಗ ಬಯಲಾಯಿತು. ಲೋಕದ ಕೀಲಿಯನ್ನೆಲ್ಲ ಇಟ್ಟುಕೊಂಡಿದ್ದ ಕಾಕಾ ತನ್ನ ಕೀಲಿಯನ್ನು ಯಾರಿಗೂ ಕೊಟ್ಟಿರಲಿಲ್ಲ. ತನ್ನ ಹೆಸರಿನಲ್ಲಿ ಒಂದು, ‘ಕಾರ್ಯದರ್ಶಿ’ ಎಂದು ಒಂದು, ಮನೆಯಲ್ಲಿ ಕರೆಯುವ ಹೆಸರಿನಲ್ಲಿ ಒಂದು, ಹೀಗೆ ಒಂದೇ ಫೋನಿನಲ್ಲಿ ಮೂರು ಸಲ ಸೇರಿ, ಮೂವರ ಜಾಗದಲ್ಲೂ ತನ್ನನ್ನೇ ತಾನು ಕೂಡಿಸಿಕೊಂಡಿದ್ದ. ಹೆಂಡತಿಯನ್ನೂ ನಂಬಿರಲಿಲ್ಲ. ಮೂವರೂ ಈಗ ರಾಮಕುಂಡದ ತಳದಲ್ಲಿದ್ದರು. ಉಳಿದವರಿಗೆ ತೊಂದರೆಯಾಗಲಿಲ್ಲ, ಅವರಿಗೆ ಬೇರೆ ಇಬ್ಬರಿದ್ದರು.

ಭಾನುವಾರ ಬೆಳಿಗ್ಗೆ ಬೆಲ್ ಆಯಿತು. ಬಾಗಿಲಲ್ಲಿ ಕಾಕಾ. ಅವನನ್ನು ನೋಡಿದ ಕೂಡಲೇ, ಬಹಳ ದಿನದಿಂದ ಬಾತ್‌ರೂಮಿನ ಕನ್ನಡಿಯ ಮುಂದೆ ತಾಲೀಮು ಮಾಡಿಟ್ಟಿದ್ದ ಡೈಲಾಗುಗಳೆಲ್ಲ ನಾಲಿಗೆಯ ತುದಿಗೆ ಬಂದು ಗದ್ದಲ ಮಾಡಿದವು. ಬಾಯಿಂದ ಹೊರಬಿದ್ದದ್ದು “ಬರ್ರಿ ಕಾಕಾ, ಚಹಾ ತಗೋತೀರೇನ್ರಿ?”

“ಚಹಾ ಇರ್ಲಿ. ನನ್ನ ಒಳಗ ಬಿಡು.”

“ಒಳಗ ಬರ್ರಿ.”

“ಮನಿಯೊಳಗ ಅಲ್ಲೋ. ಅದರಾಗ. ನೀ ಮಾಡಿದ್ದಲ್ಲ ಅದು? ಒಂದು ಬಟನ್ ಒತ್ತು, ಮುಗೀತು.”

ಆಗ ಹೇಳಿದೆ. ಜೀವಮಾನದಲ್ಲಿ ಅಷ್ಟು ಸಿಹಿಯಾದ ಮಾತನ್ನು ನಾನು ಆಡಿಲ್ಲ. “ಆ ಬಟನ್ ಇಲ್ರಿ ಕಾಕಾ. ನನ್ನ ಕಡೇನೂ ಇಲ್ಲ. ಯಾರ ಕಡೇನೂ ಇಲ್ಲ.”

ಕಾಕಾ ಟೋಪಿ ತೆಗೆದ. ಒಳಗಿನ ಬೋಳು ತಲೆಯನ್ನು ನಾನು ಮೊದಲ ಸಲ ನೋಡಿದೆ. ಹೊಸಬನಾಗಿ ಸೇರಬೇಕು, ಇಬ್ಬರು ಎದುರಿಗೆ ಕೂತು ಒಪ್ಪಬೇಕು ಎಂದು ವಿವರಿಸಿದೆ. “ಗೊತ್ತದ,” ಎಂದ. “ಮಂದಿ ಮನಿಮನಿಗೆ ಹೋಗಿ ಬಂದೆ. ಎಲ್ಲಾರೂ ‘ಮೊದಲ ವೈನಿ ಏನಂತಾರ ಕೇಳಿ ಬರ್ರಿ’ ಅಂತಾರ.”

ಒಳಗೆ ರೊಟ್ಟಿಯ ಸಪ್ಪಳ ನಿಂತಿತು. ಅವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

“ನಾ ಒಪ್ಪತೀನ್ರಿ,” ಎಂದಳು. “ಇನ್ನೊಂದು ಘೋಟಿಯೊಳಗ ನನ್ನ ತಂಗಿ ಕೈಲೆ ತಗೋರಿ. ಅಕೀ ಒಪ್ಪಿದ್ರ ಎಲ್ಲಾರೂ ಒಪ್ಪಿದಂಗ.”

“ಘೋಟೀ? ಇಷ್ಟು ಮಳ್ಯಾಗ?”

“ಇಂವ ಬಿಡತಾನ ಸ್ಕೂಟರ್ ಮ್ಯಾಲ,” ಎಂದು ಅವ್ವ ನನ್ನನ್ನು ತೋರಿಸಿದಳು. “ಸ್ಕೂಟರ್ ಅಂದ್ರ ಇವಂಗ ಭಾಳ ಪ್ರೀತಿ.” ಗಾಳಿ ಬಿಟ್ಟ ವಿಷಯ ಅವ್ವನಿಗೆ ಮೊದಲಿನಿಂದಲೂ ಗೊತ್ತಿತ್ತು ಎಂಬುದು ಆಗ ತಿಳಿಯಿತು.

ಹೆದ್ದಾರಿಯಲ್ಲಿ ಇಗತಪುರಿಯ ಕಡೆಯಿಂದ ಮಳೆ ಅಡ್ಡಡ್ಡ ಹೊಡೆಯುತ್ತಿತ್ತು. ಕಾಕಾ ಟೋಪಿಯ ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಅಪ್ಪನ ಸ್ಕೂಟರಿನ ಮೇಲೆ ನನ್ನ ಹಿಂದೆ ಕೂತಿದ್ದ. ಒಂದು ತಗ್ಗನ್ನೂ ನಾನು ತಪ್ಪಿಸಲಿಲ್ಲ. ಕಾಣದಿದ್ದವನ್ನು ಹುಡುಕಿ ಹೋದೆ. ಪ್ರತಿ ತಗ್ಗಿಗೂ ಹಿಂದಿನಿಂದ ‘ಅಯ್ಯಪಾ’ ಎಂದು ಕೇಳುತ್ತಿತ್ತು. ಕೊನೆಗೆ ಒಂದು ತಗ್ಗಿನಲ್ಲಿ ಸ್ಕೂಟರ್ ಬಂದ್ ಬಿತ್ತು. ಉಳಿದ ದಾರಿಯನ್ನು ಕಾಕಾ ಮೇಲೆ ಕೂತೇ, ನಾನು ತಳ್ಳಿಕೊಂಡು ಮುಗಿಸಿದೆವು. “ನನಗ ಮೊಣಕಾಲು ನೋವದ,” ಎಂದ. ಸೇಡಿನ ಸವಾರಿ ಹೀಗಿತ್ತು: ವೈರಿ ರಾಜನಂತೆ ಮೇಲೆ, ನಾನು ಕುದುರೆಯ ಜಾಗದಲ್ಲಿ.

ಸೈಟಿನ ತಗಡಿನ ಶೆಡ್ಡಿನಲ್ಲಿ ಊಟದ ಹೊತ್ತು. ಮಳೆಗೆ ಕೆಲಸ ನಿಂತು ಎಲ್ಲರೂ ಒಳಗಿದ್ದರು. ನಾನು ಸ್ಕೂಟರನ್ನು ಒರಗಿಸುತ್ತಿದ್ದಾಗ ಒಳಗಿನಿಂದ ಒಂದು ದನಿ ಕೇಳಿತು. ಹಾಡು. ನಡುವೆ ಹಾಡು ನಿಂತಿತು, ಮಿಕ್ಸರ್ ತಿರುಗಿತು, ಮಿಕ್ಸರ್ ನಿಂತಿತು, ಹಾಡು ಮುಂದುವರಿಯಿತು.

ನನ್ನ ಕೈಯಿಂದ ಸ್ಕೂಟರು ಜಾರಿ ಕೆಸರಿಗೆ ಬಿತ್ತು.

ಗೂಟಕ್ಕೆ ತೂಗುಹಾಕಿದ್ದ ಹಳೆಯ ಬಟನ್ ಫೋನೊಂದು ಹಾಡುತ್ತಿತ್ತು. “ಇದು ನಮ್ಮ ಅಜ್ಜೀದು,” ಎಂದೆ, ಅವ್ವನ ತಂಗಿಗೆ.

“ಹೌದಲ್ಲ. ಅಕ್ಕ ಹಾಕಿದ್ದು. ಆವಾಗ ನೆಟ್ ತುಟ್ಟಿ ಇತ್ತು ತಮ್ಮಾ, ಇಲ್ಲಿ ಹತ್ತತಿದ್ದಿಲ್ಲ. ಮೊಬೈಲ್ ಅಂಗಡಿಯಾಂವಗ ಹೇಳಿ ಎಲ್ಲಾ ಪದಾ ಕಾರ್ಡಿಗೆ ಹಾಕಿಸಿಕೊಂಡಿದ್ದೆ. ಕೆಲಸಾ ಮಾಡೂಮುಂದ ಹಚ್ಚತೀನಿ. ಯಾಕ, ಅಕ್ಕನ ಕಡೆ ಇಲ್ಲೇನು?”

ನಾವು ಯಾರೂ ಆಕೆಯನ್ನು ಕೇಳಿರಲೇ ಇಲ್ಲ. ಹಾಡು ಹೋಯಿತೆಂದು ಅವ್ವ ಆಕೆಗೆ ಹೇಳಿರಲಿಲ್ಲ; ಹೇಳಿದರೆ, ತನ್ನ ಪಂಕ್ತಿಯ ದೆಸೆಯಿಂದ ಹೋಯಿತೆಂದು ಆಕೆ ನೊಂದುಕೊಳ್ಳುತ್ತಾಳೆ ಎಂದು. ಮಾಲೀಕನಿಲ್ಲದ ಜಾಲವನ್ನು ನಾನು ಕಟ್ಟುವುದಕ್ಕೆ ಎಷ್ಟೋ ಮೊದಲು ಅದು ಆ ಗೂಟಕ್ಕೆ ಜೋತುಬಿದ್ದು ಹಾಡುತ್ತಿತ್ತು. ಕಾರ್ಡು ತೆಗೆದು ನನ್ನ ಫೋನಿಗೆ ಹಾಕಿ, ಒಂದೊಂದೇ ಪದವನ್ನು ‘ಪಂಕ್ತಿ’ಗೆ ಏರಿಸಿದೆ. ಪ್ರತಿಯೊಂದಕ್ಕೂ ಬಂತು: ನಿಮ್ಮ ಹತ್ತಿರ ಭದ್ರವಾಗಿದೆ. ದಾರಿ ಸಿಕ್ಕಾಗ ಹೋಗುತ್ತದೆ.

ಕಾಕಾ ಬಾಗಿಲಲ್ಲೇ ತೊಟ್ಟಿಕ್ಕುತ್ತ ನಿಂತಿದ್ದ. ನೆಲದ ಮೇಲೆ ಪಂಕ್ತಿ ಕೂತಾಗಿತ್ತು. ಅವ್ವನ ತಂಗಿ ಅವನನ್ನು ಗುರುತು ಹಿಡಿದಳು. ದನಿಯಲ್ಲಿ ವ್ಯಂಗ್ಯವಿರಲಿಲ್ಲ, ಇದ್ದಿದ್ದರೆ ಅವನಿಗೆ ಅಷ್ಟು ನಾಟುತ್ತಿರಲಿಲ್ಲ.

“ಬರ್ರಿ ಸಾಹೇಬ್ರ. ಗಂಗಾಳ ಇರೂವ ಇಷ್ಟು. ಮೊದಲನೇ ಪಂಕ್ತಿ ಕೂತೈತಿ, ಒಂಚೂರು ನಿಂದರ್ರಿ. ಎರಡನೇದಕ್ಕ ಕೂಡ್ರುವಿರಂತ.”

ಕಾಕಾ ಗೋಡೆಗೆ ಒರಗಿ ನಿಂತ. ಗೋಡೆಯೆಂದರೆ ತಗಡು, ಅದರ ಸಂದಿನಿಂದ ನೀರು ಬೆನ್ನಿಗಿಳಿಯುತ್ತಿತ್ತು. ಮೊದಲನೇ ಪಂಕ್ತಿಯವರು ನಿಧಾನ ಉಂಡರು. ಹಿಂಡಿ ಎರಡೆರಡು ಸಲ ಹಾಕಿಸಿಕೊಂಡರು. ಇಷ್ಟು ದಿನ ನಾನು ಕಾದಿದ್ದ ದೃಶ್ಯ ಇದೇ. ಕುರ್ಚಿ ಹಾಕಿಕೊಂಡು ನೋಡಬೇಕೆನಿಸಿತು. ಕುರ್ಚಿ ಇರಲಿಲ್ಲ. ನನ್ನನ್ನೂ ಅವನ ಪಕ್ಕದಲ್ಲೇ ನಿಲ್ಲಿಸಿದ್ದರು.

ಎರಡನೇ ಪಂಕ್ತಿಯಲ್ಲಿ ಇಬ್ಬರೂ ಕೂತೆವು. ರೊಟ್ಟಿ ಬಂತು, ಪಲ್ಯ ಬಂತು. ಹಿಂಡಿಯ ಡಬ್ಬಿ ನಮ್ಮ ಹತ್ತಿರ ಬರುವಷ್ಟರಲ್ಲಿ ಖಾಲಿ. ಅವ್ವನ ತಂಗಿ ಎದುರು ಕೂತು ತನ್ನ ಇನ್ನೊಂದು ಫೋನನ್ನು ಕಾಕಾನ ಫೋನಿಗೆ ತೋರಿಸಿ ಒಪ್ಪಿಗೆ ಕೊಟ್ಟಳು. ಅವ್ವ ಬೆಳಿಗ್ಗೆಯೇ ಕೊಟ್ಟಿದ್ದಳು. ಕಾಕಾನ ಹೆಸರು ಪಟ್ಟಿಯ ತಳದಲ್ಲಿ ಮೂಡಿತು, ಪಕ್ಕದಲ್ಲಿ ‘ಹೊಸಬರು’ ಎಂಬ ಹಸಿರು ಚೀಟಿ. ಆ ಚೀಟಿ ಕೆಲ ದಿನಗಳ ಮೇಲೆ ತಾನಾಗಿ ಹೋಗುವಂತೆ ಮಾಡಬೇಕೆಂದು ಗೆಳೆಯನಿಗೆ ಹೇಳುವುದು ಬಾಕಿ ಇತ್ತು. ಮುಂದೆಯೂ ಹೇಳಲಿಲ್ಲ.

ಹೊಸ ಫೋನಿಗೆ ಹಳೆಯ ಮಾತುಗಳೆಲ್ಲ ಹತ್ತಿರದ ಫೋನುಗಳಿಂದ ಇಳಿಯತೊಡಗಿದವು, ಮೊದಲಿನಿಂದ. ಹಿಂದಿನ ಸಲ ಸೇರಿದಾಗ ಮಂದಿಯ ಕೀಲಿ ಎಣಿಸುವುದರಲ್ಲೇ ಇದ್ದ ಅವನು ಇವನ್ನು ಓದಿರಲಿಲ್ಲ. ಕಾಕಾ ತುತ್ತು ಅಗಿಯುತ್ತ ದೊಡ್ಡದಾಗಿ ಓದಿದ: “‘ಕಾಕಾನ್ನ ಎರಡನೇ ಪಂಕ್ತಿಗೆ ಕೂಡಿಸೋತನಕಾ ನಾ ಬಿಡಾಂಗಿಲ್ಲ.’ ಯಾರು ಬರ್ದಾರಿದು? ಟೆಸ್ಟ್ ಕತ್ತೆ. ಟೆಸ್ಟ್ ಕತ್ತೆ ಅಂದ್ರ ಯಾರು?”

ಅವ್ವನ ತಂಗಿಯ ಮಗಳು, ಫೋನು ಚೆನ್ನಾಗಿ ಬಲ್ಲವಳು, ಬೆರಳು ಮಾಡಿದಳು. “ನಮ್ಮ ಅಣ್ಣನ ಅಲ್ಲೇನ್ರೀ? ನಿಮ್ಮ ಬಾಜೂಕ ಕೂತಾನಲ್ಲ.”

ಕಾಕಾ ನನ್ನ ಕಡೆ ತಿರುಗಿದ. “ಕೂಡಿಸ್ದಿ,” ಎಂದ. ಆಮೇಲೆ ನನ್ನ ಗಂಗಾಳದ ಕಡೆ ನೋಡಿದ. “ಬಾಜೂಕ ನೀನೂ ಕೂತಿ.” ರೊಟ್ಟಿ ಮುರಿದ.

ಸೈಟಿನವರು ಸ್ಕೂಟರನ್ನು ಚಾಲೂ ಮಾಡಿಕೊಟ್ಟರು. ಹೆದ್ದಾರಿಗೆ ಬಂದ ಕೂಡಲೇ ಜೇಬಿನಲ್ಲಿ ಫೋನು ಅದುರತೊಡಗಿತು. ದಾರಿ ಸಿಕ್ಕಿತ್ತು, ಪದಗಳು ಒಂದೊಂದಾಗಿ ಹೋಗುತ್ತಿದ್ದವು. ನಾವು ಮನೆ ಮುಟ್ಟುವ ಮೊದಲೇ ಅವು ಮುಟ್ಟಿದ್ದವು. ಬಾಗಿಲು ತೆರೆದಾಗ ಅವ್ವ ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ ಕೂತಿದ್ದಳು. ಅಜ್ಜಿ ಮೂರನೇ ಸಾಲು ಹಾಡುತ್ತಿದ್ದಳು. ಅವ್ವ ಬೆರಳೆತ್ತಿ ನನ್ನನ್ನು ಸುಮ್ಮನಿರಿಸಿದಳು, ಸಾಲು ಮುಗಿಯುವವರೆಗೆ.

“ಕಾಕಾ ಉಂಡ್ರೇನು ಅಲ್ಲಿ?” ಎಂದು ಕೇಳಿದಳು.

“ಉಂಡ್ರು.”

“ಯಾವ ಪಂಕ್ತಿ?”

“ಎರಡನೇದು.”

ಬೆಳಿಗ್ಗೆ ನಮ್ಮ ಬಾಗಿಲ ಹೊರಗೆ ಬಿಟ್ಟಿದ್ದ ಕೊಡೆ ತೆಗೆದುಕೊಂಡು ಹೊರಟಿದ್ದ ಕಾಕಾ ಇನ್ನೂ ಜಿನೆಯ ಮೇಲೆಯೇ ಇದ್ದ, ಮೊಣಕಾಲು ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದ. ಅವ್ವ ಬಾಗಿಲನ್ನು ಪೂರ್ತಿ ತೆರೆದಿಟ್ಟು, ಹಾಡನ್ನು ಮೊದಲಿನಿಂದ ಹಚ್ಚಿ, ದನಿ ಏರಿಸಿದಳು.